ಹಕ್ಕಿ ಹಪ್ಪಳದ ನೋಟ್‌ಬುಕ್ಕು

ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಗೆರೆ ಇಲ್ಲದ್ದು. ಗೆರೆ ಇದ್ದವಕ್ಕೆ ಸ್ವಲ್ಪ ಜಂಬ ಜಾಸ್ತಿ, ನಮಗೆ ಅದಿಲ್ಲ. ಮೈಸೂರಿನ ಒಂದು ಸಂದಿಯಲ್ಲಿ, ಮೈದಾ ಅಂಟಿನ ವಾಸನೆ ಹೊಡೆಯುವ ಬೈಂಡಿಂಗ್ ಅಂಗಡಿಯಲ್ಲಿ ನಾನು ಹುಟ್ಟಿದೆ. ಬೆನ್ನಿಗೆ ಸೂಜಿ ಹಾಕಿ ಹೊಲಿದು, ಮೇಲೆ ಕೆಂಪು ಬಟ್ಟೆ ಅಂಟಿಸಿ, ಮೂರು ಕಡೆ ಕತ್ತರಿಸಿ, ಒಂದು ಕಲ್ಲಿನ ಕೆಳಗೆ ಎರಡು ದಿನ ಒತ್ತಿಟ್ಟರು. ನನ್ನ ಜೊತೆಗೆ ಹುಟ್ಟಿದ ಹನ್ನೊಂದು ಮಂದಿ ಎಲ್ಲೆಲ್ಲಿಗೆ ಹೋದರೋ ಗೊತ್ತಿಲ್ಲ. ಯಾರಾದರೂ ಸುಖವಾಗಿ ಲೆಕ್ಕದ ಪುಸ್ತಕವಾಗಿದ್ದರೆ ಅವರ ಪುಣ್ಯ.

ನನ್ನನ್ನು ಕೊಂಡವಳು ಜಯಶೀಲ. ಮಂಡ್ಯದ ಸೀಮೆಯ ಹುಣಸೆಕೊಪ್ಪಲಿನ ಹುಡುಗಿ. ಪಿಯುಸಿಯಲ್ಲಿ ಜೀವಶಾಸ್ತ್ರದ ಚಿತ್ರ ಬರೆಯಲು ಕೊಂಡಳು. ನಾಲ್ಕೇ ಪುಟ ಬರೆದಳು, ದಾಸವಾಳದ ಹೂವನ್ನು ಸೀಳಿ ತೋರಿಸಿದ ಚಿತ್ರಗಳು. ಅಷ್ಟರಲ್ಲಿ ಅವಳ ಸೋದರಮಾವ ತಮ್ಮೇಗೌಡರು ಗಂಡು ಹುಡುಕಿಕೊಂಡು ಬಂದರು. ಇಟ್ಟಿಗೆ ಲಾರಿ ಓಡಿಸುವ ಕುಶಾಲ, ಸ್ವಂತ ಮನೆ, ಒಳ್ಳೇ ಕುಳ. ಪರೀಕ್ಷೆ ಮುಗಿದ ವಾರಕ್ಕೇ ಮದುವೆ. ನನ್ನನ್ನು ಅಟ್ಟದ ಮೇಲೆ ಹಳೇ ಮೊರದ ಪಕ್ಕದಲ್ಲಿ ಇಟ್ಟರು. ನಾನಲ್ಲಿ ಜಿರಲೆಗಳ ಜೊತೆ ಮಾತಾಡಿಕೊಂಡು ಕೂತೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಈ ಊರಿನವರ ನಾಲಗೆಗೆ 'ಹ' ಬರುವುದಿಲ್ಲ. ಬೋರ್ಡಿನ ಮೇಲೆ ಹುಣಸೆಕೊಪ್ಪಲು, ಬಾಯಲ್ಲಿ ಉಣಸೆಕೊಪ್ಲು. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಜಯಶೀಲಳ ತಾಯಿ ಕೆಂಪಾಜಮ್ಮ ಮಾಡುವುದು ಅಕ್ಕಿ ಹಪ್ಪಳ, ಹೇಳುವುದು ಅಕ್ಕಿ ಅಪ್ಪಳ. ಊರಲ್ಲಿ ಎಲ್ಲರೂ ಹಾಗೇ ಅನ್ನುವುದರಿಂದ ಯಾರಿಗೂ ಏನೂ ಅನ್ನಿಸುವುದಿಲ್ಲ.

ಆಷಾಢಕ್ಕೆ ಹೊಸ ಸೊಸೆಯರು ತವರಿಗೆ ಬರುವುದು ಪದ್ಧತಿ. ಜಯಶೀಲ ಬಂದಳು. ಬಂದ ಎರಡನೇ ದಿನ ತಲೆ ಬಾಚುತ್ತಿದ್ದ ತಾಯಿಯ ಕೈ ಅವಳ ಎಡಗಿವಿಗೆ ತಗುಲಿತು, ಹುಡುಗಿ ಚೀರಿದಳು. ಆಮೇಲೆ ಬೆನ್ನು ತೋರಿಸಿದಳು. ಅಟ್ಟದ ಮೇಲಿಂದ ನಾನೂ ನೋಡಿದೆ. ಬೆಲ್ಟಿನ ಬಕ್ಕಲ್ಲು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲೆಲ್ಲ ಕಪ್ಪಗೆ ಗುರುತಿತ್ತು. ಅಯ್ಯೋ ಶಿವನೇ, ಆ ಬೆನ್ನು ನೋಡಬಾರದಿತ್ತು.

"ನಾ ಓಗಲ್ಲ ಕಣವ್ವ, ನನ್ನ ಕಳಿಸ್ಬೇಡ" ಎಂದಳು.

ಕೆಂಪಾಜಮ್ಮನಿಗೆ ಗಂಡ ಇಲ್ಲ. ಏನಿದ್ದರೂ ಅಣ್ಣನ ಮಾತೇ ಮಾತು. ಅಣ್ಣನನ್ನು ಕರೆಸಿ, ಸೆರಗು ಬಾಯಿಗೆ ಹಿಡಿದುಕೊಂಡು, "ಒಸಿ ಕೈ ಮಾಡ್ತಾನಂತೆ ಕಣಣ್ಣ" ಎಂದಳು. ಒಸಿ ಅಂತೆ! ಆ ಬೆನ್ನು ಸ್ವಲ್ಪವೇ?

ತಮ್ಮೇಗೌಡರು ಕೆಟ್ಟವರಂತೆ ಮಾತಾಡುವವರಲ್ಲ. ಮೆಲ್ಲಗೆ, ಬುದ್ಧಿ ಹೇಳುವವರ ಹಾಗೆ ಮಾತಾಡುತ್ತಾರೆ. "ಮೊದಮೊದ್ಲು ಎಲ್ಲಾ ಅಂಗೇ ಕಣವ್ವ. ಒಂದು ಮಗ ಆದ್ರೆ ಸರಿಯೋಯ್ತದೆ. ಇಲ್ಲಿಟ್ಕಂಡು ಏನ್ ಮಾಡೀಯೆ? ನಿನ್ ಅಪ್ಪಳ ತಗತಿದ್ದ ಸೆಟ್ರ ಅಂಗ್ಡಿ ಮುಚ್ಚೋಯ್ತು. ಮೂವತ್ತು ಡಬ್ಬ ಅಂಗೇ ಕುಂತದೆ."

"ಮಾವ, ಅದನ್ನ ನಾನು ಮಾರ್ತೀನಿ" ಎಂದಳು ಜಯಶೀಲ.

ಅವರು ನಕ್ಕರು. "ಮಾರವ್ವ. ಆಸಾಡ ಮುಗಿಯೋವರ್ಗೆ ಮಾರು. ಇಬ್ರೂ ಇದ್ರಲ್ಲೇ ಬದುಕ್ತೀವಿ ಅಂತ ನಂಗೆ ತೋರ್ಸು, ನಾನೇ ಬೀಗ್ರತ್ರ ಮಾತಾಡ್ತೀನಿ. ಇಲ್ದಿದ್ರೆ ಬೀಮ್ನಮಾಸೆ ದಿನ ಅವ್ರು ಕಾರು ತಕಂಡು ಬತ್ತಾರೆ, ಸುಮ್ನೆ ಅತ್ಕೋ."

ಭೀಮನ ಅಮಾವಾಸ್ಯೆಗೆ ಇಪ್ಪತ್ತಾರು ದಿನ ಉಳಿದಿತ್ತು. ಹೊರಗೆ ಆಷಾಢದ ಜಡಿಮಳೆ. ಹಪ್ಪಳಕ್ಕೆ ಥಂಡಿ ತಾಕಿದರೆ ಮುಗಿಯಿತು, ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಅವತ್ತೇ ಅವಳು ಅಟ್ಟ ಹತ್ತಿ ನನ್ನನ್ನು ಇಳಿಸಿಕೊಂಡಳು. ಧೂಳು ಕೊಡವಿ, ದಾಸವಾಳದ ಪುಟಗಳನ್ನು ದಾಟಿ, ಹೊಸ ಹಾಳೆಯ ಮೇಲೆ ಬರೆದಳು: 'ವೆಬ್‌ಸೈಟು.'

ನನಗೆ ಆ ಪದ ಹೊಸದು. ಆದರೆ ಅವಳು ಬರೆಯುತ್ತ ಹೋದ ಹಾಗೆ ತಿಳಿಯಿತು. ಫೋನಿನ ಆಕಾರದಲ್ಲಿ ನಾಲ್ಕು ಚೌಕ ಎಳೆದಳು. ಒಂದರಲ್ಲಿ 'ಮುಖಪುಟ', ಇನ್ನೊಂದರಲ್ಲಿ 'ನಮ್ಮ ಹಪ್ಪಳ', ಮೂರನೆಯದರಲ್ಲಿ 'ತರಿಸಿಕೊಳ್ಳುವುದು ಹೇಗೆ', ನಾಲ್ಕನೆಯದರಲ್ಲಿ 'ನಮ್ಮ ಬಗ್ಗೆ'. ಫೋಟೋ ಎಲ್ಲಿ ಬರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು, ಎಲ್ಲಿ ಒತ್ತಿದರೆ ಎಲ್ಲಿಗೆ ಹೋಗಬೇಕು, ಎಲ್ಲಕ್ಕೂ ಬಾಣದ ಗುರುತು. ಒಂದೊಂದು ಪುಟ ಮೂರು ಸಲ, ನಾಲ್ಕು ಸಲ ಬರೆದಳು. 'ಏನೇನು ಹಾಕುತ್ತೇವೆ' ಎಂದು ಬರೆದು ಕೆಳಗೆ ಅಕ್ಕಿ, ಜೀರಿಗೆ, ಉಪ್ಪು, ಇಂಗು ಎಂದು ಪಟ್ಟಿ ಮಾಡಿದಳು. ತಾಯಿಯ ಫೋಟೋ ಹಾಕಬೇಕೆಂದಳು. "ನನ್ ಮೊಕ ಬ್ಯಾಡ, ನೋಡ್ದೋರು ಕೊಳ್ಳಕ್ಕಿಲ್ಲ" ಎಂದು ತಾಯಿ ಕೈ ಮಾತ್ರ ಕೊಟ್ಟಳು. ಹಿಟ್ಟು ಮೆತ್ತಿದ ಆ ಕೈಯ ಗುರುತು ನನ್ನ ಹನ್ನೆರಡನೇ ಪುಟದಲ್ಲಿ ಇವತ್ತಿಗೂ ಇದೆ.

ಎರಡು ಕಡೆ ಮಾತ್ರ ಅವಳ ಪೆನ್ನು ನಿಂತುಹೋಯಿತು. ಒಂದು, ಹೆಸರು. ಹೆಸರಿನ ಚೌಕ ಖಾಲಿ ಬಿಟ್ಟು "ಅದು ನಿನ್ನ ಕಸುಬು ಕಣವ್ವ, ನೀನೇ ಹೇಳ್ಬೇಕು" ಎಂದಳು. ಇನ್ನೊಂದು, 'ನಮ್ಮ ಬಗ್ಗೆ'. ಅಲ್ಲಿ 'ನಾವು ತಾಯಿ ಮಗಳು' ಎಂದು ಬರೆಯುತ್ತಿದ್ದಳು, ಹೊಡೆದು ಹಾಕುತ್ತಿದ್ದಳು. ಮತ್ತೆ ಬರೆಯುತ್ತಿದ್ದಳು, ಮತ್ತೆ ಹೊಡೆದು ಹಾಕುತ್ತಿದ್ದಳು. ಒಂದು ಹಾಳೆ ಹರಿದೇಹೋಯಿತು.

ಆರ್ಡರು ಫೋನಿನಲ್ಲಿ ಬರುತ್ತದೆ, ಹೊರಗಿನವರು ಮಾತಾಡುತ್ತಾರೆ ಎಂದು ತಾಯಿಗೆ ಪಾಠವೂ ನಡೆಯಿತು. "ಅಪ್ಪಳ ಅನ್ಬೇಡ ಅವ್ವ, ಹಪ್ಪಳ ಅನ್ನು. ಉಸಿರು ಬಿಟ್ಟು ಅನ್ನು." ಕೆಂಪಾಜಮ್ಮ ಒಲೆ ಮುಂದೆ ಕೂತು ಉಸಿರು ಬಿಟ್ಟೂ ಬಿಟ್ಟೂ ಕಲಿತಳು. "ಹಪ್ಪಳ. ಹಪ್ಪಳ. ಹುಪ್ಪು. ಹಿಂಗು." ಜಯಶೀಲ ಬಿದ್ದುಬಿದ್ದು ನಕ್ಕಳು. "ಎಲ್ಲಕ್ಕೂ ಬ್ಯಾಡ ಕಣವ್ವ!" ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಎಲ್ಲಕ್ಕೂ ಬೇಡ ಎಂದಳೇ ಹೊರತು ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಕೂತು ಹೇಳಿಕೊಡಲಿಲ್ಲ. ಹೇಳಿಕೊಡಬೇಕಾಗಿತ್ತು.

ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಫಕೀರೇಶ ಎಂಬಾತನ ಕಂಪ್ಯೂಟರು, ಝೆರಾಕ್ಸ್ ಅಂಗಡಿ. ಗದಗಿನ ಕಡೆಯವನು, ಹೆಂಡತಿಯ ಕೆಲಸದ ದೆಸೆಯಿಂದ ಇಲ್ಲಿಗೆ ಬಂದು ನೆಲೆನಿಂತವನು. ನನ್ನನ್ನು ತಿರುವಿ ನೋಡಿ ಹುಬ್ಬೇರಿಸಿದ. "ತಂಗೀ, ಇಷ್ಟ ಪದ್ಧತಶೀರ ಬರದ ತಂದವರನ್ನ ನಾ ನೋಡೇ ಇಲ್ಲ ನೋಡು. ರೊಕ್ಕದ ಮಾತ ಬ್ಯಾಡ, ವ್ಯಾಪಾರ ಆದ ಮ್ಯಾಲ ಒಂದ ಡಬ್ಬಿ ಹಪ್ಪಳ ಕೊಟ್ಟಬಿಡು. ಮಾಡಿಕೊಡ್ತೇನಿ." ನನ್ನನ್ನು ಅವನ ಕೈಗೆ ಕೊಟ್ಟು, ಹೆಸರು ಆಮೇಲೆ ತಿಳಿಸುವುದಾಗಿ ಹೇಳಿ ಅವಳು ಹೋದಳು. ಮಾರನೆಯ ದಿನವೇ ತಮ್ಮೇಗೌಡರು ತಂಗಿಯ ಮನೆಗೆ ಹೋಗಿ, ಆಷಾಢಕ್ಕೆ ಬಂದ ಹೆಣ್ಣು ಪೇಟೆ ಸುತ್ತಬಾರದು, ಬೀಗರ ಕಿವಿಗೆ ಬಿದ್ದರೆ ಚೆನ್ನಾಗಿರುವುದಿಲ್ಲ ಎಂದು ಕಟ್ಟುಮಾಡಿದರಂತೆ. ಹುಡುಗಿ ಮನೆ ಬಿಟ್ಟು ಹೊರಬೀಳದಂತಾಯಿತು. ನಾನು ಝೆರಾಕ್ಸ್ ಮಿಷನ್ನಿನ ಪಕ್ಕದಲ್ಲಿ ಒಬ್ಬಂಟಿಯಾದೆ.

ವಾರದಲ್ಲಿ ಫಕೀರೇಶ ಎಲ್ಲ ಮುಗಿಸಿದ. ಹೆಸರೊಂದು ಬಾಕಿ. ಫೋನು ಮಾಡಿದ. ಜಯಶೀಲ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ, ತಾಯಿ ಎತ್ತಿಕೊಂಡಳು.

"ಅವ್ವಾರ, ಹೆಸರ ಏನ ಇಡೂಣ್ರಿ?"

ಕೆಂಪಾಜಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ನನಗೇ ಕೇಳಿಸಿತು. ಆಮೇಲೆ ಕಲಿತದ್ದನ್ನೆಲ್ಲ ಕೂಡಿಸಿ, ಉಸಿರು ಬಿಟ್ಟು, ಸ್ಪಷ್ಟವಾಗಿ ಹೇಳಿದಳು: "ಹಕ್ಕಿ ಹಪ್ಪಳ ಸಾಮಿ. ಬೇರೇನೂ ಬ್ಯಾಡ. ಹಕ್ಕಿ ಹಪ್ಪಳ."

"ಹಕ್ಕಿ?"

"ಊ, ಹಕ್ಕಿ."

"ಛಲೋ ಹೆಸರೈತ್ರಿ! ಮಂದಿ ಮರೆಯಂಗಿಲ್ಲ" ಎಂದ ಫಕೀರೇಶ. ಅವನದೇನೂ ತಪ್ಪಿಲ್ಲ. ಅವನ ಸೀಮೆಯಲ್ಲಿ ಹಕ್ಕಿ ಎಂದರೆ ಹಕ್ಕಿಯೇ, ಅಕ್ಕಿ ಎಂದರೆ ಅಕ್ಕಿಯೇ. ಕುದುರೆ, ಆನೆ, ಗಿಣಿ ಎಂದೆಲ್ಲ ಸಾಮಾನಿಗೆ ಗುರುತು ಇರುವುದಿಲ್ಲವೇ, ಇದೂ ಹಾಗೇ ಎಂದುಕೊಂಡ. ನನ್ನ ಖಾಲಿ ಚೌಕದಲ್ಲಿ ನೀಲಿ ಪೆನ್ನಿನಿಂದ 'ಹಕ್ಕಿ ಹಪ್ಪಳ' ಎಂದು ಬರೆದ. ಲೋ, ಅದಲ್ಲ ಕಣೋ, ಎರಡು ಹಾಳೆ ತಿರುವಿ ನೋಡೋ ಎಂದು ನಾನು ಬಡಕೊಂಡೆ. ನೋಟ್‌ಬುಕ್ಕಿನ ಮಾತು ಯಾರಿಗೆ ಕೇಳುತ್ತದೆ? ಅವನು ಹೆಸರಿನ ಪಕ್ಕದಲ್ಲಿ ಒಂದು ಹಸಿರು ಗಿಣಿಯ ಚಿತ್ರವನ್ನೂ ಕೂರಿಸಿದ. 'ನಮ್ಮ ಬಗ್ಗೆ' ಎಂಬಲ್ಲಿ ಹೊಡೆದುಹಾಕಿದ ಸಾಲುಗಳೇ ಇದ್ದುದರಿಂದ ಖಾಲಿ ಬಿಟ್ಟ. ಅವತ್ತೇ ಜಗತ್ತಿಗೆಲ್ಲ ತೆರೆದ. ತಾಯಿ ಮಗಳಿಗೆ ಮಾತ್ರ ಅದು ಕಾಣಲಿಲ್ಲ, ಅವರ ಮನೆಯಲ್ಲಿದ್ದದ್ದು ಗುಂಡಿ ಒತ್ತಿ ಮಾತಾಡುವ ಹಳೇ ಫೋನು.

ಅಮಾವಾಸ್ಯೆಗೆ ಐದು ದಿನ ಇತ್ತು. ಝೆರಾಕ್ಸಿಗೆ ಬಂದ ಒಬ್ಬಾತ ಫೋನು ಹಿಡಿದುಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. "ಕೇಳಿ ಸಾರ್ ಇದನ್ನ" ಎಂದು ಸದ್ದು ಜೋರು ಮಾಡಿದ. ಯಾರೋ ಒಬ್ಬ ಆ ವೆಬ್‌ಸೈಟು ನೋಡಿ ಕರೆ ಮಾಡಿ, ಮಾತನ್ನೆಲ್ಲ ಹಿಡಿದಿಟ್ಟು ಊರಿಗೆಲ್ಲ ಹಂಚಿದ್ದ.

"ಯಾವ ಹಕ್ಕಿದಮ್ಮ ಹಪ್ಪಳ?"

"ಸೋನಾ ಮಸೂರಿ ಹಕ್ಕಿ ಸಾಮಿ. ಹಳೇ ಹಕ್ಕಿ. ಹೊಸ ಹಕ್ಕಿ ಹಾಕಿದ್ರೆ ಹಂಟ್ಕತದೆ."

"ಹೌದಾ? ಹೇಗೆ ಮಾಡ್ತೀರಿ?"

"ಹಕ್ಕಿನ ಚೆನ್ನಾಗಿ ಕೇರಿ ಹಾರ್ಸ್ಬುಟ್ಟು, ಹಿಡೀ ದಿನ ನೆನೆಹಾಕಿ, ರುಬ್ಬಿ ಬೇಯ್ಸ್ತೀವಿ."

"ಹಾರಿಸಿ ಆಮೇಲೆ ಹಿಡೀತೀರಾ?" ಆ ಕಡೆ ಮೂರು ನಾಲ್ಕು ಗಂಟಲು ಒಟ್ಟಿಗೆ ನಕ್ಕವು. "ಹಲೋ? ಹಲೋ ಸಾಮಿ? ಹೆಷ್ಟು ಕಳಿಸ್ಲಿ?" ಎಂದು ಕೆಂಪಾಜಮ್ಮ ಕೇಳುತ್ತಲೇ ಇದ್ದಳು.

ಫಕೀರೇಶ ನಗಲಿಲ್ಲ. ನನ್ನನ್ನು ತೆರೆದು ಪಟ್ಟಿಯಲ್ಲಿದ್ದ 'ಅಕ್ಕಿ' ನೋಡಿದ, ಚೌಕದಲ್ಲಿದ್ದ 'ಹಕ್ಕಿ' ನೋಡಿದ. ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಅಂಗಡಿಯ ಬಾಗಿಲು ಎಳೆದು, ನನ್ನನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹುಣಸೆಕೊಪ್ಪಲಿಗೆ ಹೊರಟ.

ಮನೆಯಲ್ಲಿ ಕೆಂಪಾಜಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು. ಆ ಮಾತು ಊರಿಗೂ ಬಂದಿತ್ತು. ನಲ್ಲಿ ಹತ್ತಿರ ಮಕ್ಕಳು "ಹಕ್ಕಿ ಹಪ್ಪಳ" ಎಂದು ಕೂಗಿ ಓಡಿದ್ದವು. "ನನ್ನ ನಾಲ್ಗೆ ಸೇದೋಗ, ನನ್ ಮಗೀನ ನಾನೇ ಸಾಯಿಸ್ದೆ" ಎಂದು ಒಂದೇ ಸಮನೆ ಹೇಳುತ್ತಿದ್ದಳು. ಮೂವತ್ತು ಡಬ್ಬ ಮೂಲೆಯಲ್ಲಿ ಹಾಗೇ ಇದ್ದವು.

"ತಂಗೀ, ತಪ್ಪ ಆಗೇತಿ. ಈಗಿಂದೀಗ ಹೆಸರ ತಿದ್ದತೇನಿ" ಎಂದ ಫಕೀರೇಶ.

ಜಯಶೀಲ ಬಲಗಿವಿ ಅವನ ಕಡೆ ತಿರುಗಿಸಿ ಕೇಳಿಸಿಕೊಂಡಳು. "ಆರ್ಡರು ಎಷ್ಟು ಬಂತು ಸಾರ್?"

"ಒಂದೂ ಇಲ್ಲವಾ."

"ನೋಡ್ದೋರು?"

ಅವನು ಫೋನು ಒತ್ತಿ ನೋಡಿದ. "ನಿನ್ನೆ ಒಂದ ದಿನಕ್ಕ ನಾಕ ಸಾವಿರ ಮಂದಿ. ಎಲ್ಲಾ ನಗಾಕ ಬಂದವರ."

ಅವಳು ಅವನ ಕೈಯಿಂದ ನನ್ನನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡಳು. "ಹೆಸರು ಹಂಗೇ ಇರ್ಲಿ ಸಾರ್. ಗಿಣಿನೂ ಇರ್ಲಿ. 'ನಮ್ಮ ಬಗ್ಗೆ' ಖಾಲಿ ಅದೆ ಅಲ್ವಾ? ಅದಕ್ಕೆ ಹಾಕಿ." ನೆಲದ ಮೇಲೆ ಕೂತು, ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿಯೂ ನಿಲ್ಲಿಸದೆ, ಎಲ್ಲಿಯೂ ಹೊಡೆದುಹಾಕದೆ ಬರೆದಳು. ಪೆನ್ನು ಎಷ್ಟು ಒತ್ತಿದಳೆಂದರೆ ಕೆಳಗಿನ ಮೂರು ಹಾಳೆಗೂ ಅಚ್ಚು ಬಿತ್ತು.

'ನನ್ನ ಹೆಸರು ಜಯಶೀಲ. ಹಪ್ಪಳ ಮಾಡುವವರು ನನ್ನ ತಾಯಿ ಕೆಂಪಾಜಮ್ಮ. ಅವರ ಮಾತು ಕೇಳಿ ನೀವೆಲ್ಲ ನಕ್ಕಿದ್ದೀರಿ. ಇರಲಿ. ನನಗೆ ಮದುವೆಯಾಗಿ ನಾಲ್ಕು ತಿಂಗಳು. ನನ್ನ ಗಂಡ ಕುಶಾಲ ನನಗೆ ಬೆಲ್ಟಿನಿಂದ ಹೊಡೆಯುತ್ತಾನೆ. ನನ್ನ ಎಡಗಿವಿ ಈಗ ಕೇಳಿಸುವುದಿಲ್ಲ. ಹಪ್ಪಳ ಮಾರಾಟವಾದರೆ ನಾನು ತಾಯಿಯ ಮನೆಯಲ್ಲಿ ಇರಬಹುದು ಎಂದು ಹಿರಿಯರು ಹೇಳಿದ್ದಾರೆ. ಒಂದೂ ಮಾರಾಟವಾಗಿಲ್ಲ. ಭೀಮನ ಅಮಾವಾಸ್ಯೆಯ ದಿನ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾರೆ. ಹೋದರೆ ನಾನು ಬದುಕುವುದಿಲ್ಲ. ನಮ್ಮ ಬಗ್ಗೆ ಇಷ್ಟೇ.'

ಫಕೀರೇಶ ಓದಿ ಕನ್ನಡಕ ತೆಗೆದು ಒರೆಸಿದ. "ವಿಚಾರ ಮಾಡೀಯೇನವ್ವಾ? ಒಮ್ಮೆ ಹಾಕಿದ ಮ್ಯಾಲ ಊರ ಬಾಯಿ ಮುಚ್ಚಾಕ ಬರಂಗಿಲ್ಲ."

ಅವಳು ತಾಯಿಗೆ ಓದಿ ಹೇಳಿದಳು. ಕೆಂಪಾಜಮ್ಮ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು "ಆಕು" ಎಂದಳು. ಫಕೀರೇಶ ಪುಟದ ಫೋಟೋ ತೆಗೆದುಕೊಂಡು, ನನ್ನನ್ನು ಅಲ್ಲೇ ಬಿಟ್ಟು ಹೋದ.

ನಗಲು ಬಂದವರೆಲ್ಲ ಅದನ್ನು ಓದಿದರು. ಎರಡು ದಿನ ಆ ಮನೆಯ ಫೋನು ಬಡಿದುಕೊಂಡದ್ದೇ ಬಡಿದುಕೊಂಡದ್ದು. ಕೆಲವರು ಅತ್ತರು, ಕೆಲವರು ಬೈದರು, ಮನೆ ಮಾತನ್ನು ಬೀದಿಗೆ ತಂದ ಹೆಣ್ಣೆಂದು ಉಗಿದರು. ಇಬ್ಬರು ಮೂವರು ಹಪ್ಪಳ ಬೇಕೆಂದರು. ಆದರೆ ಅಮಾವಾಸ್ಯೆ ಯಾರ ಮಾತೂ ಕೇಳದೆ ಬಂದೇ ಬಂತು.

ಬೆಳಿಗ್ಗೆ ಹತ್ತು ಗಂಟೆಗೆ ಕಾರು ನಿಂತಿತು. ಕುಶಾಲ, ಅವನ ಅಪ್ಪ, ಜೊತೆಗೆ ತಮ್ಮೇಗೌಡರು. ಬಾಗಿಲಲ್ಲಿ ಅಕ್ಕಪಕ್ಕದವರು ತುಂಬಿಕೊಂಡರು. ಕುಶಾಲ ಕಾರಿನ ಕೀ ತಿರುಗಿಸುತ್ತ ನಿಂತ. ಮಾತೆಲ್ಲ ಅವನ ಅಪ್ಪನದು.

"ನಮ್ಮ ಮರ್ವಾದೆ ಮೂರ್ಕಾಸಾಯ್ತು ಕಣಮ್ಮ. ಆದ್ರೂ ನಾವು ದೊಡ್ಡ ಮನಸು ಮಾಡ್ತೀವಿ. ಬರ್ದಿದ್ದು ಸುಳ್ಳು, ಕ್ವಾಪದಲ್ಲಿ ಬರ್ದೆ ಅಂತ ಅದೇ ಪುಸ್ತಕದಾಗೆ ಬರ್ಕೊಡು. ಅದ್ನೂ ಹಾಕ್ಸು. ಕಾರು ಅತ್ತು."

ತಮ್ಮೇಗೌಡರು ಗೂಡಿನಲ್ಲಿದ್ದ ನನ್ನನ್ನು ತೆಗೆದು, ಪುಟ ಹುಡುಕಿ, ಪೆನ್ನು ಬಿಚ್ಚಿ ಜಯಶೀಲಳ ಮುಂದೆ ಇಟ್ಟರು. ಮೆಲ್ಲಗೆ, ಅದೇ ಬುದ್ಧಿ ಹೇಳುವ ದನಿಯಲ್ಲಿ, "ಬರಿಯವ್ವ. ಮಾವ ಯೋಳ್ತಾವ್ನೆ, ಬರಿ. ನಿಮ್ಮವ್ವನ್ನ ನೋಡು, ಎಂಗಾಗವ್ಳೆ" ಎಂದರು.

ಜಯಶೀಲ ತಾಯಿಯನ್ನು ನೋಡಿದಳು. ಪೆನ್ನು ಕೈಗೆ ತೆಗೆದುಕೊಂಡಳು. ಮುಗಿಯಿತು, ಇವಳು ಸೋತಳು ಎಂದುಕೊಂಡೆ. ಪೆನ್ನು ನನ್ನ ಮೇಲೆ ಊರಿದಳು. ಆರು ಸಾಲು ಬರೆದಳು. ಬರೆದು, ನನ್ನನ್ನು ಮಾವನ ಕೈಗೇ ಕೊಟ್ಟಳು.

"ಎಲ್ರಿಗೂ ಕೇಳೋ ಅಂಗೆ ಓದಿ ಗೌಡ್ರೇ" ಎಂದ ಕುಶಾಲನ ಅಪ್ಪ.

ತಮ್ಮೇಗೌಡರು ಗಂಟಲು ಸರಿಮಾಡಿಕೊಂಡು ಓದಿದರು: "'ಮೇಲೆ ಬರೆದದ್ದು ಸುಳ್ಳಲ್ಲ. ಒಂದು ಬಿಟ್ಟಿದ್ದೆ, ಅದನ್ನು ಸೇರಿಸುತ್ತೇನೆ. ಬಸವ ಜಯಂತಿಯ ಮಾರನೇ ದಿನ ನನ್ನ ಸೋದರಮಾವ ತಮ್ಮೇಗೌಡರು...'"

ಅಲ್ಲಿಗೆ ನಿಂತರು.

"ಓದಣ್ಣ" ಎಂದಳು ಕೆಂಪಾಜಮ್ಮ. ಆ ದನಿ ನಾನು ಅವಳ ಬಾಯಲ್ಲಿ ಹಿಂದೆ ಕೇಳಿರಲಿಲ್ಲ. "ನಂಗೆ ಓದಕ್ಕೆ ಬರಕಿಲ್ಲ. ನೀನೇ ಓದು."

ಅವರು ಓದಿದರು. ಒಂದೊಂದು ಪದಕ್ಕೂ ದನಿ ಇಳಿಯುತ್ತ ಹೋಯಿತು. "'...ನನ್ನ ಗಂಡನ ಮನೆಗೆ ಬಂದಿದ್ದರು. ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಒಳಗೆ ಕುಶಾಲ ನನಗೆ ಹೊಡೆಯುತ್ತಿದ್ದ. ನಾನು ಮಾವಾ ಎಂದು ಕೂಗಿದೆ. ಮೂರು ಸಲ ಕೂಗಿದೆ. ಅವರು ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ತಾಯಿಗೆ ಅಣ್ಣ ಇಲ್ಲದಂತಾಗುತ್ತದೆ ಎಂದು ಇದನ್ನು ಬರೆದಿರಲಿಲ್ಲ.'"

ನಾನು ಅವರ ಕೈಯಿಂದ ಜಾರಿ ಬಿದ್ದೆ. ಯಾರೂ ಎತ್ತಲಿಲ್ಲ. ನೆಲದಿಂದ ನನಗೆ ಕಂಡದ್ದು ಕಾಲುಗಳು ಮಾತ್ರ. ಕೆಂಪಾಜಮ್ಮನ ಕಾಲು ಬಂದು ಮಗಳ ಮುಂದೆ ಅಡ್ಡ ನಿಂತಿತು. "ಅವ್ಳು ಓಗಕ್ಕಿಲ್ಲ. ನೀವೆಲ್ಲ ಓಗಿ" ಎಂದಳು. ಕುಶಾಲನ ಅಪ್ಪ ಏನೋ ಕೂಗಾಡಿದ, ಬಾಗಿಲಲ್ಲಿದ್ದ ಹೆಂಗಸರು ಅವನಿಗಿಂತ ಜೋರಾಗಿ ಕೂಗಿದರು. ಕಾರು ಹೊರಟಿತು. ತಮ್ಮೇಗೌಡರು ಅದನ್ನು ಹತ್ತದೆ, ತಲೆ ತಗ್ಗಿಸಿ ನಡೆದೇ ಹೋದರು. ಆ ಮನೆಯ ಹೊಸಲಿಗೆ ಅವರು ಮತ್ತೆ ಬರಲಿಲ್ಲ.

ಹಪ್ಪಳದ ಕಥೆ ಚೆನ್ನಾಗಿ ಮುಗಿಯಲಿಲ್ಲ, ಸುಳ್ಳು ಹೇಳಲಾರೆ. ಹನ್ನೊಂದು ಡಬ್ಬ ಹೋದವು, ಉಳಿದದ್ದು ಥಂಡಿ ಹಿಡಿದು ಎಮ್ಮೆಯ ಪಾಲಾಯಿತು. ಆದರೂ ಬೇಸಿಗೆಗೆ ತಾಯಿ ಮಗಳು ಮತ್ತೆ ಮಣೆ ಹಾಕಿ ಕೂತರಂತೆ. ಅದನ್ನು ನೋಡುವ ಭಾಗ್ಯ ನನಗೆ ಸಿಗಲಿಲ್ಲ. ಜಯಶೀಲಳ ಪರವಾಗಿ ಕುಶಾಲನ ಮೇಲೆ ಕೇಸು ಹೂಡಿದ ವಕೀಲಮ್ಮ, ಅವಳು ಬರೆದ ಪುಟ ಬೇಕೆಂದು ನನ್ನನ್ನು ತೆಗೆದುಕೊಂಡು ಹೋದರು. ನನ್ನ ಮೇಲೆ ನಂಬರು ಅಂಟಿಸಿದರು, ಸೀಲು ಹೊಡೆದರು. ಈಗ ನ್ಯಾಯಾಲಯದ ಒಂದು ಕಬ್ಬಿಣದ ಬೀರುವಿನಲ್ಲಿ, ಕೆಂಪು ದಾರದ ಕಟ್ಟಿನ ನಡುವೆ ಇದ್ದೇನೆ. ಅಂಚು ಹಳದಿಯಾಗಿದೆ, ಬೆನ್ನಿನ ಹೊಲಿಗೆ ಸಡಿಲಾಗಿದೆ. ನನ್ನಲ್ಲಿ ಇನ್ನೂ ನೂರಾ ಅರವತ್ತು ಪುಟ ಖಾಲಿ ಇವೆ, ಯಾರೂ ಬರೆಯುವುದಿಲ್ಲ. ಮೊದಲು ಅದಕ್ಕೆ ಸಂಕಟವಾಗುತ್ತಿತ್ತು, ಈಗ ಇಲ್ಲ.

ಹೋದ ತಿಂಗಳು ನನ್ನನ್ನು ಹೊರಗೆ ತೆಗೆದಿದ್ದರು. ಸಾಕ್ಷಿ ಕಟ್ಟೆಯಲ್ಲಿ ತಮ್ಮೇಗೌಡರು ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಎದುರಿಗೆ ಬೆಂಚಿನ ಮೇಲೆ ತಂಗಿ, ತಂಗಿಯ ಮಗಳು. ವಕೀಲಮ್ಮ ನನ್ನ ಆ ಪುಟವನ್ನು ತೆರೆದು ಅವರ ಮುಂದೆ ಹಿಡಿದು, "ಇವಳು ಕೂಗಿದ್ದು ನಿಮಗೆ ಕೇಳಿಸಿತ್ತೇ?" ಎಂದು ಕೇಳಿದರು.

ಅವರು ಪುಟ ನೋಡಲಿಲ್ಲ. ಕಟ್ಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಂಗಿಯ ಕಡೆ ನೋಡಿದರು.

"ಕೇಳುಸ್ತು ಸ್ವಾಮಿ" ಎಂದರು. "ಮೂರು ಸಲನೂವೆ ಕೇಳುಸ್ತು."